ಲಂಡನ್ನಿನ ಬೀದಿಗಳಲ್ಲಿ ಗಾಂಧೀಜಿ

ಗಾಂಧೀಜಿಯವರ ಹೆಸರು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು, ಕೋಲು ಹಿಡಿದು ಬಿರುಸಿನಿಂದ ನಡೆಯುತ್ತಿರುವ ವೃದ್ಧರೊಬ್ಬರ ಚಿತ್ರ. 1930ರಲ್ಲಿ ಸಾಬರಮತಿಯಿಂದ ದಂಡಿಯವರೆಗೆ ಸುಮಾರು 240 ಮೈಲಿಗಳ ದಾರಿಯನ್ನು ಅವರು ನಡೆದಾಗ ಅವರಿಗೆ ಅರವತ್ತು ವರ್ಷ ತುಂಬಿತ್ತು. ಆ ನಡಿಗೆಯನ್ನು ಲೋಕವೆಲ್ಲ ಕಂಡಿತು. ಅದಕ್ಕೂ ನಲವತ್ತು ವರ್ಷಗಳ ಹಿಂದೆ ಅದೇ ಕಾಲುಗಳು ಲಂಡನ್ ನಗರದ ಬೀದಿಗಳಲ್ಲಿ ದಿನಕ್ಕೆ ಎಂಟು ಹತ್ತು ಮೈಲಿ ನಡೆದಿದ್ದವು. ಅಲ್ಲಿ ಜಯಘೋಷವಿರಲಿಲ್ಲ, ಹಿಂಬಾಲಕರಿರಲಿಲ್ಲ. ಕಾರಣವೂ ಬಹು ಸಣ್ಣದು: ಬಂಡಿಯ ಬಾಡಿಗೆಯ ಕಾಸನ್ನು ಉಳಿಸಬೇಕಾಗಿತ್ತು. ಆ ಸಣ್ಣ ಕಾರಣದ ಕಥೆಯನ್ನು ನನ್ನ ಸಹಪಾಠಿಗಳ ಮುಂದಿಡಬೇಕೆಂಬುದು ನನ್ನ ಆಸೆ.

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ತಂದೆ ದಿವಾನರಾಗಿದ್ದವರು, ಮಗ ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡರು. ಬ್ಯಾರಿಸ್ಟರ್ ಪದವಿಗಾಗಿ ವಿಲಾಯಿತಿಗೆ ಹೋಗಬೇಕೆಂಬ ಮಾತು ಬಂದಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಹಣದ್ದು. ಹೆಂಡತಿಯ ಒಡವೆಗಳನ್ನು ಮಾರುವ ಯೋಚನೆಯೂ ಬಂದಿತು. ಕೊನೆಗೆ ಅಣ್ಣ ಲಕ್ಷ್ಮೀದಾಸರು ಹೇಗಾದರೂ ಹಣ ಹೊಂದಿಸುವ ಭಾರ ಹೊತ್ತರು. ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿದ ಮೇಲೆ ಅಪ್ಪಣೆ ದೊರೆಯಿತು. ಸಮುದ್ರ ದಾಟುವವನೆಂದು ಜಾತಿಯವರು ಬಹಿಷ್ಕಾರ ಹಾಕಿದರು. 1888ರ ಸೆಪ್ಟೆಂಬರ್ 4ರಂದು ಆ ತರುಣನು ಮುಂಬಯಿಯಲ್ಲಿ ಹಡಗು ಹತ್ತಿದನು.

ಲಂಡನ್ ಅಂದು ಪ್ರಪಂಚದ ಅತಿ ದೊಡ್ಡ ನಗರ. ಅಲ್ಲಿ ಇಳಿದೊಡನೆ ಮೋಹನದಾಸನಿಗೆ ಕಲಿಸಿದ ಮೊದಲ ಪಾಠವೇ ದುಬಾರಿ ಪಾಠ. ವಿಕ್ಟೋರಿಯಾ ಹೋಟೆಲಿನಲ್ಲಿ ತಂಗಿದ್ದಕ್ಕೆ ಮೂರು ಪೌಂಡಿನ ಬಿಲ್ಲು ಬಂದಿತು! ಊಟವೋ ಬಾಯಿಗೆ ಹಿಡಿಸಲಿಲ್ಲ. ಹಣ ತೆತ್ತೂ ಹಸಿದಿದ್ದಂತಾಯಿತು. ಆಗಿನ ನಾಣ್ಯದ ಲೆಕ್ಕವನ್ನು ಇಲ್ಲಿ ಹೇಳಿಬಿಡುತ್ತೇನೆ. 1971ರವರೆಗೂ ಅಲ್ಲಿ 12 ಪೆನ್ಸಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್.

ಬಳಿಕ ಒಂದು ಕುಟುಂಬದ ಮನೆಯಲ್ಲಿ ಊಟ ವಸತಿಯ ಏರ್ಪಾಡಾಯಿತು. ಆದರೆ ಮಾಂಸವಿಲ್ಲದ ಅಡಿಗೆ ಹೇಗಿರಬೇಕೆಂಬುದು ಆ ಮನೆಯವರಿಗೂ ತಿಳಿಯದು. ಇನ್ನೊಂದು ತುಂಡು ರೊಟ್ಟಿ ಕೇಳಲು ಈ ಹುಡುಗನಿಗೂ ಸಂಕೋಚ. ಶಾಕಾಹಾರದ ಹೋಟೆಲನ್ನು ಹುಡುಕಿಕೊಂಡು ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು, ಯಾವುದಾದರೂ ಅಗ್ಗದ ಅಂಗಡಿಯಲ್ಲಿ ಹೊಟ್ಟೆತುಂಬ ರೊಟ್ಟಿ ತಿಂದು ಮರಳುತ್ತಿದ್ದನು. ಹೀಗೆ ಅಲೆಯುತ್ತಿರುವಾಗಲೇ ಒಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಅಂಥ ಹೋಟೆಲು ಕಣ್ಣಿಗೆ ಬಿದ್ದಿತು. ಬಾಗಿಲ ಬಳಿ ಗಾಜಿನ ಹಿಂದೆ ಮಾರಾಟಕ್ಕಿಟ್ಟ ಪುಸ್ತಕಗಳಲ್ಲಿ ಹೆನ್ರಿ ಸಾಲ್ಟ್ ಎಂಬವರು ಶಾಕಾಹಾರವನ್ನು ಸಮರ್ಥಿಸಿ ಬರೆದ ಪುಸ್ತಕವಿತ್ತು. ಒಂದು ಷಿಲಿಂಗ್ ಕೊಟ್ಟು ಅದನ್ನು ಕೊಂಡು, ನೇರವಾಗಿ ಊಟದ ಕೋಣೆಗೆ ಹೋದನು. ಇಂಗ್ಲೆಂಡಿನ ನೆಲದಲ್ಲಿ ಅವನು ತೃಪ್ತಿಯಿಂದ ಉಂಡ ಮೊದಲ ಊಟ ಅದು. ಬಂಡಿಯೊಳಗೆ ಕುಳಿತು ಹೋಗುವವನಿಗೆ ಆ ಬಾಗಿಲು ಕಾಣುತ್ತಿತ್ತೋ ಇಲ್ಲವೋ!

ಇಷ್ಟರಿಂದಲೇ ಅವನು ಮಿತವ್ಯಯಿಯಾದನೆಂದು ಯಾರೂ ಭಾವಿಸಬಾರದು. ನಡುವೆ ನಾಗರಿಕನಾಗುವ ಹುಚ್ಚು ಹಿಡಿಯಿತು. ಬಾಂಡ್ ಬೀದಿಯಲ್ಲಿ ಹತ್ತು ಪೌಂಡಿನ ಉಡುಪು ಹೊಲಿಸಿಕೊಂಡದ್ದಾಯಿತು. ಹೊಗೆಗೂಡಿನಂಥ ಎತ್ತರದ ಟೋಪಿಗೆ 19 ಷಿಲಿಂಗ್ ಹೋಯಿತು. ಅಣ್ಣನಿಗೆ ಬರೆದು ಚಿನ್ನದ ಗಡಿಯಾರ ಸರಪಣಿಯನ್ನು ತರಿಸಿಕೊಂಡನು. ನರ್ತನದ ಪಾಠಕ್ಕೆ ಮೂರು ಪೌಂಡ್. ಹೆಜ್ಜೆ ತಾಳಕ್ಕೆ ಕೂಡದಿದ್ದಾಗ, ಕಿವಿ ಪಳಗಲೆಂದು ಪಿಟೀಲಿಗೆ ಮತ್ತೆ ಮೂರು ಪೌಂಡ್! ಸುಮಾರು ಮೂರು ತಿಂಗಳಲ್ಲಿ ಈ ಹುಚ್ಚು ಇಳಿಯಿತು. ತಾನು ಬಂದದ್ದು ಓದಲು, ಇಂಗ್ಲೆಂಡಿನಲ್ಲೇ ನೆಲಸಲು ಅಲ್ಲವೆಂಬ ವಿವೇಕ ಮೂಡಿತು.

ಈ ಹುಚ್ಚಿನ ದಿನಗಳಲ್ಲಿಯೂ ಒಂದು ಅಭ್ಯಾಸವನ್ನು ಅವನು ಬಿಟ್ಟಿರಲಿಲ್ಲ. ಬಸ್ಸಿನ ಬಾಡಿಗೆ, ಅಂಚೆ ಚೀಟಿ, ವೃತ್ತಪತ್ರಿಕೆಗೆ ಕೊಟ್ಟ ಒಂದೆರಡು ಕಾಸು ಎಲ್ಲವೂ ಪುಸ್ತಕಕ್ಕೆ ಏರುತ್ತಿದ್ದವು. ರಾತ್ರಿ ಮಲಗುವ ಮುನ್ನ ಲೆಕ್ಕ ಕೂಡಿಸಿ ಬಾಕಿ ನೋಡಲೇಬೇಕು. ಆ ಪುಸ್ತಕವೇ ಅವನ ಕಣ್ಣು ತೆರೆಸಿತು. ಕುಟುಂಬದೊಡನಿದ್ದರೆ ವಾರದ ಬಿಲ್ಲು ತಪ್ಪದು. ಹೊರಗೆ ಉಂಡರೂ ಅದರಲ್ಲಿ ಕಾಸೂ ಇಳಿಯದು. ಮನೆಯವರನ್ನು ಆಗಾಗ ಊಟಕ್ಕೆ ಕರೆದೊಯ್ಯಬೇಕು, ಜೊತೆಗೆ ಬಂಡಿಯ ಬಾಡಿಗೆ. ಇದನ್ನೆಲ್ಲ ಕಂಡು ಖರ್ಚನ್ನು ಅರ್ಧಕ್ಕೆ ಇಳಿಸಲು ನಿಶ್ಚಯಿಸಿದನು. ಕೆಲಸವಿದ್ದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗಬಹುದಾದ ಕಡೆ ಎರಡು ಕೋಣೆಗಳನ್ನು ಹಿಡಿದನು. ಬಾಡಿಗೆಯೂ ಉಳಿಯಿತು, ವ್ಯಾಯಾಮವೂ ಆಯಿತು. ಇಂಗ್ಲೆಂಡಿನಲ್ಲಿದ್ದಷ್ಟು ಕಾಲವೂ ಕಾಯಿಲೆ ಬೀಳದೆ ಮೈ ಗಟ್ಟಿಯಾದುದಕ್ಕೆ ಈ ನಡಿಗೆಯೇ ಮುಖ್ಯ ಕಾರಣವೆಂದು ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಈ ಜೀವನಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದ ಸಂಗತಿ ಇದರ ಮುಂದಿನದು. ತನಗಿಂತ ಕಡಿಮೆ ಹಣದಲ್ಲಿ ಬದುಕುತ್ತಿದ್ದ ಹಲವು ವಿದ್ಯಾರ್ಥಿಗಳ ಪರಿಚಯ ಅವನಿಗಾಯಿತು. ಅವರಲ್ಲಿ ಒಬ್ಬನು ಬಡವರ ಕೇರಿಯಲ್ಲಿ ವಾರಕ್ಕೆ ಎರಡು ಷಿಲಿಂಗಿನ ಕೋಣೆ ಹಿಡಿದಿದ್ದನು. ಅಗ್ಗದ ಕೋಕೋ ಅಂಗಡಿಯಲ್ಲಿ ಹೊತ್ತಿಗೆ ಎರಡು ಪೆನ್ಸಿನ ಕೋಕೋ ರೊಟ್ಟಿಯೇ ಅವನ ಊಟ. ಅಷ್ಟು ದೂರ ಹೋಗುವುದು ತನ್ನಿಂದಾಗದೆಂದು ಮೋಹನದಾಸನಿಗೆ ತೋರಿತು; ಆದರೆ ಎರಡು ಕೋಣೆಗಳ ಬದಲು ಒಂದು ಸಾಕಲ್ಲವೆ? ಒಂದೇ ಕೋಣೆಗೆ ಬಂದನು, ಒಲೆಯೊಂದನ್ನು ಕೊಂಡನು. ಬೆಳಿಗ್ಗೆ ತಾನೇ ಕಾಯಿಸಿದ ಓಟ್ಸ್ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ ಊಟ, ರಾತ್ರಿ ರೊಟ್ಟಿ ಕೋಕೋ. ದಿನದ ಖರ್ಚು ಒಂದು ಷಿಲಿಂಗ್ ಮೂರು ಪೆನ್ಸ್! ಆ ದಿನಗಳಲ್ಲಿಯೇ ಕಷ್ಟಪಟ್ಟು ಓದಿ, ಲ್ಯಾಟಿನ್ ಭಾಷೆಯಲ್ಲಿ ಒಮ್ಮೆ ನಪಾಸಾಗಿದ್ದರೂ, 1890ರಲ್ಲಿ ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದನು.

ಗಾಂಧೀಜಿ ಬಡವರ ಮಗನಲ್ಲ, ದಿವಾನರ ಮಗ. ಅವರಿಗೆ ಮಿತವ್ಯಯವು ತಾವೇ ಆರಿಸಿಕೊಂಡ ದಾರಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನಂಥವರಿಗೆ ಅದು ಆಯ್ಕೆಯಲ್ಲ, ಹುಟ್ಟಿನಿಂದ ಬಂದದ್ದು. ಆದ್ದರಿಂದ ಮಹಾತ್ಮರ ಸರಳತೆಯನ್ನು ಸಭೆಗಳಲ್ಲಿ ಹೊಗಳುವಾಗ, ಇದು ಉಳ್ಳವರಿಗೆ ಹೇಳಬೇಕಾದ ಪಾಠವೆಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಈ ಪ್ರಸಂಗವನ್ನು ಓದಿದ ಮೇಲೆ ಬೇರೊಂದು ವಿಷಯ ಹೊಳೆಯಿತು. ಒಂದು ಕೋಣೆ ಸಾಕೆಂದು ಅವರಿಗೆ ತೋರಿಸಿಕೊಟ್ಟವನು, ಆತ್ಮಕಥೆಯಲ್ಲಿ ಹೆಸರೂ ಬಾರದ ಒಬ್ಬ ಬಡ ವಿದ್ಯಾರ್ಥಿ. ಅಂಥವನ ಕೋಕೋ ಬಟ್ಟಲನ್ನು ಕಂಡು ಕನಿಕರಪಟ್ಟು ಸುಮ್ಮನಾಗುವವರು ಬಹಳ. ಅವನಿಂದ ಕಲಿಯುವವರು ವಿರಳ. ಗಾಂಧೀಜಿಯ ದೊಡ್ಡತನ ಇಲ್ಲಿಯೇ ಮೊಳೆಯಿತೆಂದು ನನ್ನ ನಂಬಿಕೆ.

ಹೀಗೆ ಪಳಗಿದ ಕಾಲುಗಳು ಪ್ಯಾರಿಸ್ ನಗರವನ್ನೂ ನೋಡಿದವು. ಫ್ರಾನ್ಸಿನ ಮಹಾಕ್ರಾಂತಿಯ ನೂರನೆಯ ವರ್ಷವಾದ 1889ರಲ್ಲಿ ಅಲ್ಲಿ ಭಾರಿ ವಸ್ತುಪ್ರದರ್ಶನ ನಡೆಯಿತು. ಅದಕ್ಕಾಗಿ ಎದ್ದ ಐಫೆಲ್ ಗೋಪುರ ಸುಮಾರು 300 ಮೀಟರ್ ಎತ್ತರದ್ದು. ಇವುಗಳನ್ನು ನೋಡಲು ಹೋದ ಗಾಂಧಿ, ಒಂದು ಶಾಕಾಹಾರಿ ಹೋಟೆಲಿನಲ್ಲೇ ಕೋಣೆ ಹಿಡಿದು ಏಳು ದಿನ ತಂಗಿದರು. ಕೈಯಲ್ಲಿ ಪ್ಯಾರಿಸ್ಸಿನ ನಕ್ಷೆ, ಪ್ರದರ್ಶನದ ಕೈಪಿಡಿ. ಉಳಿದದ್ದು ಬಹುಮಟ್ಟಿಗೆ ಕಾಲ್ನಡಿಗೆ. ನೋತ್ರ ದಾಮ್ ಇಗರ್ಜಿಯ ಒಳಗಿನ ಕೆತ್ತನೆ, ಅಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರ ಭಕ್ತಿ, ಇವು ಅವರ ಮನಸ್ಸಿನಲ್ಲಿ ಉಳಿದವು. ಐಫೆಲ್ ಗೋಪುರವನ್ನು ಎರಡು ಮೂರು ಸಲ ಹತ್ತಿದರೂ ಅದರಲ್ಲಿ ಕಲೆಯೇನೂ ಕಾಣಲಿಲ್ಲ. ಆದರೂ ಅಷ್ಟೆತ್ತರದಲ್ಲಿ ಊಟ ಮಾಡಿದೆನೆಂದು ಹೇಳಿಕೊಳ್ಳುವ ಸಂತೋಷಕ್ಕಾಗಿ ಅಲ್ಲಿನ ಹೋಟೆಲಿನಲ್ಲಿ ಏಳು ಷಿಲಿಂಗ್ ಕಳೆದರು! ಲಂಡನ್ನಿನ ಐದು ದಿನಗಳ ಖರ್ಚಿಗಿಂತ ಹೆಚ್ಚು ಹಣ ಒಂದೇ ಊಟಕ್ಕೆ ಹೋಯಿತು. ಈ ಏಳು ಷಿಲಿಂಗನ್ನು ಓದಿದಾಗ ಅವರು ನನಗೆ ಇನ್ನಷ್ಟು ಹತ್ತಿರದವರಾದರು. ಕಾಸಿಗೆ ಕಾಸು ಲೆಕ್ಕ ಬರೆಯುವವನಿಗೂ ಇಪ್ಪತ್ತರ ವಯಸ್ಸಿನಲ್ಲಿ ಒಂದು ಆಸೆ ಇರಬಾರದೆ?

1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ದೊರೆಯಿತು. 12ರಂದು ಊರಿಗೆ ಹೊರಟರು. ಲಂಡನ್ನಿಗೆ ಹೋಗುವ ಹಿಂದೂಸ್ಥಾನದ ವಿದ್ಯಾರ್ಥಿಗಳಿಗಾಗಿ ಮುಂದೆ ಒಂದು ಕೈಪಿಡಿಯನ್ನೂ ಬರೆದರು. ಅದು ಅಚ್ಚಾದದ್ದು ಅವರು ಕಾಲವಾದ ಬಳಿಕ. ಲಂಡನ್ನಿನಲ್ಲಿ ಬಲಿತ ಲೆಕ್ಕದ ಪುಸ್ತಕ ಮಾತ್ರ ಅವರ ಜೀವನದುದ್ದಕ್ಕೂ ಜೊತೆಗಿತ್ತು. ಸಾರ್ವಜನಿಕರ ಲಕ್ಷಾಂತರ ರೂಪಾಯಿ ಅವರ ಕೈಯಲ್ಲಿ ಓಡಾಡಿದಾಗಲೂ ಅವರು ನಡೆಸಿದ ಚಳವಳಿಗಳಿಗೆ ಸಾಲ ಉಳಿಯಲಿಲ್ಲ, ಹಣವೇ ಮಿಕ್ಕಿತು. ಅಣ್ಣನ ಹಣದ ಬಗ್ಗೆ ಇದ್ದ ಎಚ್ಚರವೇ ಜನರ ಹಣದ ಬಗ್ಗೆಯೂ ನಿಂತಿತು.

1931ರಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಅವರು ಮತ್ತೆ ಲಂಡನ್ನಿಗೆ ಹೋದರು. ಈ ಸಲ ಅವರು ಕಾಂಗ್ರೆಸ್ಸಿನ ಪ್ರತಿನಿಧಿ. ಬಯಸಿದ್ದರೆ ಯಾವ ಹೋಟೆಲಾದರೂ ಬಾಗಿಲು ತೆರೆಯುತ್ತಿತ್ತು. ಅವರು ಇಳಿದುಕೊಂಡದ್ದು ನಗರದ ಪೂರ್ವ ಭಾಗದ ಕಾರ್ಮಿಕರ ಕೇರಿಯ ಕಿಂಗ್ಸ್‌ಲಿ ಹಾಲ್ ಎಂಬ ಸೇವಾಗೃಹದಲ್ಲಿ. ಸುಮಾರು ಹನ್ನೆರಡು ವಾರ ಅಲ್ಲಿನ ಸಣ್ಣ ಕೋಣೆಯೊಂದರಲ್ಲಿದ್ದು, ಬೆಳಗಿನ ಮಬ್ಬಿನಲ್ಲಿ ಆ ಬಡವರ ಬೀದಿಗಳಲ್ಲಿಯೇ ನಡೆದಾಡುತ್ತಿದ್ದರು. ವಾರಕ್ಕೆ ಎರಡು ಷಿಲಿಂಗಿನ ಕೋಣೆಯಲ್ಲಿದ್ದ ಆ ವಿದ್ಯಾರ್ಥಿಯಷ್ಟು ದೂರ ಹೋಗಲು ತರುಣ ಮೋಹನದಾಸನಿಂದ ಅಂದು ಆಗಿರಲಿಲ್ಲ. ನಲವತ್ತು ವರ್ಷ ನಡೆದ ಮೇಲೆ ಮಹಾತ್ಮರು ಅವನ ಕೇರಿಗೆ ಬಂದು ಸೇರಿದರು.