ಗಾಳಿಯಿಂದ ರೈಲು ನಿಲ್ಲಿಸಿದ ವೆಸ್ಟಿಂಗ್‌ಹೌಸ್

ಕೆರಾಡಿಯ ಮಕ್ಕಳು ರೈಲು ನೋಡಬೇಕಾದರೆ ಕುಂದಾಪುರಕ್ಕೋ ಬೈಂದೂರಿಗೋ ಹೋಗಬೇಕು. ಅಲ್ಲಿ ರೈಲು ನಿಂತಾಗ ‘ಸುಸ್’ ಎಂಬ ಶಬ್ದ ಕೇಳಿದ್ದೀರಾ? ಅದು ಬ್ರೇಕಿನ ಗಾಳಿಯ ಶಬ್ದ. ರೈಲಿಗೆ ಈ ಗಾಳಿ ಬ್ರೇಕನ್ನು ಕೊಟ್ಟವರು ಜಾರ್ಜ್ ವೆಸ್ಟಿಂಗ್‌ಹೌಸ್.

ಅವರು ಹುಟ್ಟಿದ್ದು 1846ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿ. ತಂದೆಗೆ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಬಾಲಕ ಜಾರ್ಜ್‌ನಿಗೆ ಆ ಕಾರ್ಖಾನೆಯೇ ಪಾಠಶಾಲೆಯಾಯಿತು.

1866ರಲ್ಲಿ ಒಂದು ದಿನ ಅವರು ಪ್ರಯಾಣಿಸುತ್ತಿದ್ದ ರೈಲು ದಾರಿಯಲ್ಲೇ ನಿಂತಿತು. ಮುಂದೆ ಎರಡು ಸರಕು ರೈಲುಗಳು ಢಿಕ್ಕಿ ಹೊಡೆದಿದ್ದವು. ಹಳಿ ನೇರವಾಗಿತ್ತು, ಚಾಲಕರಿಬ್ಬರೂ ಒಬ್ಬರನ್ನೊಬ್ಬರು ದೂರದಿಂದಲೇ ಕಂಡಿದ್ದರು. ಆದರೂ ರೈಲುಗಳನ್ನು ನಿಲ್ಲಿಸಲಾಗಲಿಲ್ಲ. ಏಕೆ?

ಆಗ ಬ್ರೇಕ್ ಹಾಕುವುದು ಚಾಲಕನ ಕೈಯಲ್ಲಿರಲಿಲ್ಲ. ಅವನು ಸೀಟಿ ಊದುತ್ತಿದ್ದ. ಕೆಲಸಗಾರರು ಒಂದು ಬೋಗಿಯಿಂದ ಇನ್ನೊಂದಕ್ಕೆ ಓಡಿ, ಚಕ್ರ ತಿರುಗಿಸಿ ಬ್ರೇಕ್ ಬಿಗಿಯುತ್ತಿದ್ದರು. ಸರಕು ರೈಲಿನಲ್ಲಂತೂ ಬೋಗಿಗಳ ಮಾಡಿನ ಮೇಲೆಯೇ ಓಡಬೇಕಿತ್ತು. ಜಾರಿ ಬಿದ್ದು ಸತ್ತವರು ಅನೇಕರು.

ಎಲ್ಲ ಬೋಗಿಗಳಿಗೂ ಒಮ್ಮೆಲೇ ಬ್ರೇಕ್ ಹಾಕುವುದು ಹೇಗೆಂದು ವೆಸ್ಟಿಂಗ್‌ಹೌಸ್ ಯೋಚಿಸಿದರು. ಹಬೆಯನ್ನು ಬಳಸೋಣವೆಂದರೆ ಅದು ಕೊಳವೆಯಲ್ಲಿ ತಣ್ಣಗಾಗಿ ನೀರಾಗುತ್ತಿತ್ತು. ಆಗ ಒಂದು ಪತ್ರಿಕೆಯಲ್ಲಿ ಅವರು ಆಲ್ಪ್ಸ್ ಪರ್ವತದ ಸುರಂಗದ ಬಗ್ಗೆ ಓದಿದರು. ಅಲ್ಲಿ ಒತ್ತಿ ತುಂಬಿದ ಗಾಳಿಯನ್ನು ಕೊಳವೆಯಲ್ಲಿ ಬಹುದೂರ ಸಾಗಿಸಿ ಬಂಡೆ ಕೊರೆಯುತ್ತಿದ್ದರು. ಗಾಳಿ ಬಂಡೆಯನ್ನೇ ಕೊರೆಯಬಲ್ಲುದಾದರೆ ರೈಲನ್ನೇಕೆ ನಿಲ್ಲಿಸಲಾರದು? 1869ರಲ್ಲಿ ಅವರಿಗೆ ಗಾಳಿ ಬ್ರೇಕಿನ ಪೇಟೆಂಟ್ ದೊರೆಯಿತು. ಆಗ ಅವರಿಗೆ ಕೇವಲ 22 ವರ್ಷ.

ಆದರೆ ಆ ಬ್ರೇಕಿನಲ್ಲಿ ಒಂದು ದೋಷವಿತ್ತು. ಕೊಳವೆ ತುಂಡಾದರೆ ಬ್ರೇಕೇ ಇಲ್ಲ! 1872ರಲ್ಲಿ ಅವರು ಇದನ್ನು ತಲೆಕೆಳಗು ಮಾಡಿದರು. ಪ್ರತಿ ಬೋಗಿಗೂ ಒಂದು ಗಾಳಿ ತೊಟ್ಟಿ ಇಟ್ಟರು. ಉದ್ದದ ಕೊಳವೆಯಲ್ಲಿ ಗಾಳಿಯ ಒತ್ತಡ ತುಂಬಿರುವಾಗ ಬ್ರೇಕ್ ಸಡಿಲವಾಗಿರುತ್ತದೆ. ಒತ್ತಡ ಇಳಿದೊಡನೆ ತೊಟ್ಟಿಯ ಗಾಳಿ ನುಗ್ಗಿ ಬ್ರೇಕನ್ನು ಚಕ್ರಕ್ಕೆ ಒತ್ತುತ್ತದೆ. ಹೀಗಾಗಿ ಬೋಗಿ ಕಳಚಿಕೊಂಡರೆ ಕೊಳವೆ ಬಿಚ್ಚಿ, ಬ್ರೇಕ್ ತಾನಾಗಿಯೇ ಬೀಳುತ್ತದೆ. ಅಪಾಯದ ಸರಪಳಿ ಎಳೆದಾಗಲೂ ಆಗುವುದು ಇದೇ.

ಖರ್ಚಿನ ನೆಪದಿಂದ ಹಲವು ಕಂಪನಿಗಳು ಇಂಥ ಬ್ರೇಕ್ ಹಾಕಲಿಲ್ಲ. 1889ರಲ್ಲಿ ಐರ್ಲೆಂಡಿನ ಆರ್ಮಾ ಎಂಬಲ್ಲಿ, ಪ್ರವಾಸಕ್ಕೆ ಹೊರಟಿದ್ದ ರೈಲೊಂದು ಏರು ಹತ್ತಲಾರದೆ ನಿಂತಿತು. ಅದರ ಹಿಂದಿನ ಬೋಗಿಗಳನ್ನು ಕಳಚಿದಾಗ ಅವು ಹಿಂದಕ್ಕೆ ಉರುಳಿ ಇನ್ನೊಂದು ರೈಲಿಗೆ ಬಡಿದವು. ಸುಮಾರು 80 ಜನ ಸತ್ತರು. ಅವರಲ್ಲಿ ನಿಮ್ಮಂಥ ಮಕ್ಕಳೂ ಬಹಳ. ತಾನಾಗಿ ಬೀಳುವ ಬ್ರೇಕ್ ಅದರಲ್ಲಿರಲಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ, 1893ರಲ್ಲಿ ಅಮೆರಿಕದಲ್ಲಿ ರೈಲು ಬ್ರೇಕಿನ ಬಗ್ಗೆ ಕಾನೂನು ಬಂದಿತು.

ವೆಸ್ಟಿಂಗ್‌ಹೌಸ್ ರೈಲ್ವೆ ಸಿಗ್ನಲ್‌ಗಳನ್ನೂ ಸುಧಾರಿಸಿದರು. 1914ರಲ್ಲಿ ತೀರಿಕೊಂಡರು.

ಹಾಗಾದರೆ ಈಗ ಅಪಘಾತಗಳೇ ಇಲ್ಲವೇ? ಇವೆ. ಬ್ರೇಕ್ ಹಾಕಿದರೂ ವೇಗದ ರೈಲು ನಿಲ್ಲಲು ನೂರಾರು ಮೀಟರ್ ಬೇಕು. 2004ರ ಜೂನ್‌ನಲ್ಲಿ ನಮ್ಮ ಕೊಂಕಣ ರೈಲುಮಾರ್ಗದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾರಾಷ್ಟ್ರದಲ್ಲಿ, ಹಳಿಗೆ ಉರುಳಿದ್ದ ಬಂಡೆಗಳಿಗೆ ಬಡಿದು ಸೇತುವೆಯಿಂದ ಬಿತ್ತು. ಈ ಮಾರ್ಗದಲ್ಲಿ ಮಳೆಗಾಲದಲ್ಲಿ ರೈಲಿನ ವೇಗ ತಗ್ಗಿಸಿ, ಹಳಿಯ ಮೇಲೆ ಕಾವಲುಗಾರರು ನಡೆಯುವುದು ಇಂಥ ಅಪಾಯದಿಂದಲೇ. 2023ರಲ್ಲಿ ಒಡಿಶಾದ ಬಾಲಸೋರ್ ಬಳಿ ಸಿಗ್ನಲ್ ಜೋಡಣೆಯ ತಪ್ಪಿನಿಂದ 290ಕ್ಕೂ ಹೆಚ್ಚು ಜನ ಸತ್ತರು.

ಚಾಲಕ ಕೆಂಪು ದೀಪ ದಾಟಿದರೆ ತಾನೇ ಬ್ರೇಕ್ ಹಾಕುವ ‘ಕವಚ್’ ಎಂಬ ಸಾಧನವನ್ನು ಭಾರತೀಯ ರೈಲ್ವೆ ಹಂತಹಂತವಾಗಿ ಅಳವಡಿಸುತ್ತಿದೆ. ಆಜ್ಞೆ ಕೊಡುವುದು ಹೊಸ ಯಂತ್ರ. ಚಕ್ರ ಹಿಡಿಯುವುದು ಮಾತ್ರ ವೆಸ್ಟಿಂಗ್‌ಹೌಸರ ಅದೇ ಗಾಳಿ. ಮುಂದಿನ ಸಲ ‘ಸುಸ್’ ಶಬ್ದ ಕೇಳಿದಾಗ ಅವರನ್ನು ನೆನೆಯಿರಿ.