ಹೆಸರು ಕೇಳಿದ ಆಯುಕ್ತರು: ಸುಕುಮಾರ ಸೇನ್

ಘಾಟ್ಕೋಪರಿನಿಂದ ಠಾಣೆಯ ಕಡೆಗೆ ಹೊರಟ ಲೋಕಲ್ ಗಾಡಿ ಮೊದಲು ನಿಲ್ಲುವುದು ವಿಕ್ರೋಲಿಯಲ್ಲಿ. ಅಲ್ಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ 1951ರಲ್ಲಿ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆಗಳು ಸಿದ್ಧವಾದವು. ಸ್ವತಂತ್ರ ಭಾರತದ ಆ ಪ್ರಥಮ ಮಹಾಚುನಾವಣೆಯ ಹೊಣೆ ಹೊತ್ತವರು ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು.

1898ರಲ್ಲಿ ಬಂಗಾಳಿ ಮನೆತನದಲ್ಲಿ ಜನಿಸಿದ ಸೇನರು ಕಲಕತ್ತೆಯಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ, ಗಣಿತದಲ್ಲಿ ಚಿನ್ನದ ಪದಕ ಪಡೆದು, ಐ.ಸಿ.ಎಸ್. ಸೇರಿದರು. ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಅವರಿಗೆ 1950ರ ಮಾರ್ಚ್ ತಿಂಗಳಲ್ಲಿ ದಿಲ್ಲಿಯ ಈ ಪದವಿ ಬಂದಿತು. 1951ರ ಮೊದಲ ತಿಂಗಳುಗಳಲ್ಲಿಯೇ ಚುನಾವಣೆ ಮುಗಿಯಬೇಕೆಂಬ ಆತುರ ಪ್ರಧಾನಿ ನೆಹರೂ ಅವರಿಗೆ. ಸೇನರು ಕಾಲಾವಕಾಶ ಬೇಡಿದರು. ಮತದಾರರು 17 ಕೋಟಿಗೂ ಮಿಕ್ಕು; ಅವರಲ್ಲಿ ನೂರಕ್ಕೆ ಸುಮಾರು 85 ಮಂದಿ ಓದುಬರಹ ಅರಿಯದವರು. ಆದುದರಿಂದ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಅದರ ಮೇಲೆ ಜೋಡೆತ್ತು, ಗುಡಿಸಲು, ಆನೆ, ಇಂಥದೊಂದು ಚಿಹ್ನೆ. ಮೆಚ್ಚಿದ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರಾಯಿತು. ಮತದಾರರ ಯಾದಿಯನ್ನು ಟೈಪ್ ಮಾಡುವುದಕ್ಕೆಂದೇ ಆರು ತಿಂಗಳ ಕರಾರಿನ ಮೇಲೆ 16,500 ಗುಮಾಸ್ತರನ್ನು ನೇಮಿಸಿದರು. ಆ ಕೆಲಸದ ಬೇಸರವನ್ನು ನಮ್ಮ ವಾಚಕರಲ್ಲಿ ಅನೇಕರಿಗೆ ವಿವರಿಸಬೇಕಾಗಿಲ್ಲ.

ವಿವಾದ ಹುಟ್ಟಿದ್ದು ಈ ಯಾದಿಯಿಂದಲೇ. ಗಂಡನ ಹೆಸರು ಹೇಳಬಾರದೆಂಬ ಪದ್ಧತಿ ನಮ್ಮ ಹೆಂಗಸರಲ್ಲಿಯೂ ಇತ್ತು. ಆದರೆ ಬಿಹಾರ, ರಾಜಸ್ಥಾನ ಮೊದಲಾದ ಉತ್ತರದ ಪ್ರಾಂತಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಸ್ವಂತ ಹೆಸರನ್ನೇ ಪರಪುರುಷರಿಗೆ ಹೇಳಲೊಪ್ಪಲಿಲ್ಲ. ಗಣತಿಯವರು ಇಂಥವನ ತಾಯಿ, ಇಂಥವನ ಹೆಂಡತಿ ಎಂದು ಬರೆದುಕೊಂಡು ಬಂದರು. ಸೇನರು ಅದನ್ನು ಒಪ್ಪಲಿಲ್ಲ. ಹೆಸರು ಹೇಳಿರೆಂದು ಪ್ರಚಾರ ಮಾಡಿಸಿದರು. ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಗಡುವನ್ನೂ ಕೊಟ್ಟರು. ಆಮೇಲೂ ಹೆಸರು ಸಿಗದ ಸುಮಾರು 28 ಲಕ್ಷ ಸ್ತ್ರೀಯರನ್ನು ಯಾದಿಯಿಂದ ತೆಗೆದುಹಾಕಿಸಿದರು. ಕೂಗೆದ್ದಿತು. ಕೂಗೆದ್ದುದೇ ಒಳ್ಳೆಯದಾಯಿತು, ಮುಂದಿನ ಸಲಕ್ಕೆ ಈ ಸಂಕೋಚ ಅಳಿದೀತು ಎಂಬುದು ಸೇನರ ಎಣಿಕೆ. ಮತಗಟ್ಟೆಯವರೆಗೂ ಹೋಗಿ, ಯಾದಿಯಲ್ಲಿ ಹೆಸರಿಲ್ಲದೆ ಹಿಂದಿರುಗಿದ ಹೋಟೆಲು ಕೆಲಸಗಾರನಿಗೆ ಈ ತೀರ್ಪು ಕಠೋರವೆನಿಸಿದರೆ ಆಶ್ಚರ್ಯವಿಲ್ಲ. ನಮಗೂ ಹಾಗೆಯೇ ತೋರುತ್ತದೆ. ಆದರೆ ಅವರ ಎಣಿಕೆ ಸುಳ್ಳಾಗಲಿಲ್ಲ: 1957ರ ಯಾದಿಗಳಲ್ಲಿ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 94 ಮಂದಿಯ ಹೆಸರಿತ್ತು.

ಹಳೆಯ ಪೆಟ್ಟಿಗೆಗಳನ್ನು ಜೋಪಾನವಾಗಿ ಇರಿಸಿದ್ದುದರಿಂದ ಆ ಎರಡನೆಯ ಚುನಾವಣೆಗೆ ನಾಲ್ಕೂವರೆ ಕೋಟಿ ರೂಪಾಯಿ ಕಡಿಮೆ ತಗಲಿತು. ನಡುವೆ 1953ರಲ್ಲಿ ಸುಡಾನಿನ ಚುನಾವಣೆಯನ್ನೂ ಅವರೇ ನಡೆಸಿಕೊಟ್ಟರು. 1954ರಲ್ಲಿ ಪದ್ಮಭೂಷಣ ಬಂದಿತು. 1958ರ ಡಿಸೆಂಬರಿನಲ್ಲಿ ಅಧಿಕಾರ ಬಿಟ್ಟರು. ನಮ್ಮ ಮೈಸೂರಿನ ಅಳಿಸಲಾಗದ ಶಾಯಿ ಮತದಾರನ ಬೆರಳಿಗೇರಿದ್ದು ಅದರ ಅನಂತರ, 1962ರಲ್ಲಿ.

ಬರ್ದ್ವಾನ್ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಯಾಗಿಯೂ ದುಡಿದ ಸೇನರು 1963ರಲ್ಲಿ ತೀರಿಕೊಂಡರು. ಕೋಟ್ಯಂತರ ಜನರ ಹೆಸರು ಬರೆಯಿಸಿದವರು ತಮ್ಮ ಆತ್ಮಕಥೆಯನ್ನು ಮಾತ್ರ ಬರೆಯಲಿಲ್ಲ.