ಬರೆದವರೇ ಹೊತ್ತು ಮಾರಿದರು

ನಮ್ಮ ಇಳಕಲ್ಲಿನಲ್ಲಿ ಸೀರೆ ನೇಯುವವರು ಬೇರೆ, ಅಂಗಡಿಯಲ್ಲಿ ಕುಳಿತು ಮಾರುವವರು ಬೇರೆ. ಆದರೆ ತಾವೇ ಕಾದಂಬರಿ ಬರೆದು, ತಾವೇ ಊರೂರಿಗೆ ಹೊತ್ತುಕೊಂಡು ಹೋಗಿ ಮಾರಿದ ಲೇಖಕರೊಬ್ಬರು ಉತ್ತರ ಕರ್ನಾಟಕದಲ್ಲಿದ್ದರು. ಅವರೇ ಗಳಗನಾಥರು. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಅವರ ಜೀವನ ಬಹಳ ಹಿಡಿಸಿತು.

ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ಹುಟ್ಟಿದರು. ವರದಾ ನದಿ ತುಂಗಭದ್ರೆಯನ್ನು ಸೇರುವ ಊರು ಅದು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ಉರ್ದು ಪತ್ತೇದಾರಿ ಕಾದಂಬರಿ ಓದುವ ನಮ್ಮಂಥ ಮನೆಗಳಲ್ಲಿ ಅಸ್ರಾರ್ ಅಹ್ಮದ್ ಎಂದರೆ ಹೆಚ್ಚಿನವರಿಗೆ ತಿಳಿಯದು, ಇಬ್ನೆ ಸಫಿ ಎಂದರೆ ತಕ್ಷಣ ತಿಳಿಯುತ್ತದೆ. ಗಳಗನಾಥರದೂ ಹಾಗೆಯೇ.

ಆಗ ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಓದು ಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕಗಳೇ ಹೆಚ್ಚಾಗಿದ್ದವು. ಶಾಲಾ ಮಾಸ್ತರರಾಗಿದ್ದ ಗಳಗನಾಥರು 1898ರಲ್ಲಿ ‘ಪ್ರಬುದ್ಧ ಪದ್ಮನಯನೆ’ ಬರೆದರು. 1907ರಲ್ಲಿ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಆರಂಭವಾಯಿತು. ಅದರ ಮೂಲಕ ಅವರ ಬರಹ ಮನೆಮನೆಗೆ ತಲುಪಿತು. ಹರಿ ನಾರಾಯಣ ಆಪ್ಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರ ಸ್ಥಾಪನೆಯ ಬಗ್ಗೆ ‘ಮಾಧವ ಕರುಣಾ ವಿಲಾಸ’ವನ್ನು ಸ್ವಂತವಾಗಿ ಬರೆದರು. ಕೊಳ್ಳುವವರು ಅಂಗಡಿಗೆ ಬರದಿದ್ದಾಗ ಪುಸ್ತಕದ ಗಂಟು ಹೊತ್ತು ತಾವೇ ಅವರ ಬಾಗಿಲಿಗೆ ಹೋದರು.

ಅವರ ‘ಕನ್ನಡಿಗರ ಕರ್ಮಕಥೆ’ ನಮಗೆ ಇನ್ನೂ ಹತ್ತಿರದ್ದು. ಅದು 1565ರ ರಕ್ಕಸಗಿ-ತಂಗಡಗಿ ಯುದ್ಧದ ಕಥೆ. ರಕ್ಕಸಗಿ ಇರುವುದು ನಮ್ಮ ಹುನಗುಂದದ ಸೀಮೆಯಲ್ಲೇ. ಈ ಯುದ್ಧದ ಮಾತು ಬಂದರೆ ಕೆಲವರು ನನ್ನ ಹೆಸರು ಕೇಳಿ, ನೀನು ಯಾರ ಕಡೆ ಎಂದು ತಮಾಷೆ ಮಾಡುತ್ತಾರೆ. ಆದರೆ ಕಾದಂಬರಿ ಅಷ್ಟು ಸರಳವಾಗಿಲ್ಲ. ಅಲ್ಲಿ ರಾಮರಾಯ ತಾರುಣ್ಯದಲ್ಲಿ ಮೆಹರ್‌ಜಾನ್ ಎಂಬವಳನ್ನು ಪ್ರೀತಿಸಿ ಕೈಬಿಡುತ್ತಾನೆ. ಹುಟ್ಟಿನ ಗುಟ್ಟೊಂದು ಕಥೆಯುದ್ದಕ್ಕೂ ಓದುಗರನ್ನು ಎಳೆದುಕೊಂಡು ಹೋಗುತ್ತದೆ. ಇದು ಕಲ್ಪನೆ, ಇತಿಹಾಸವಲ್ಲ. ಆದರೂ ಎರಡು ಧರ್ಮಗಳ ಜಗಳಕ್ಕಿಂತ ಮುರಿದ ಮಾತಿನ ನೋವೇ ನನ್ನ ಮನಸ್ಸಿನಲ್ಲಿ ಉಳಿಯಿತು. ಯಾರ ಕಡೆ ಎಂದು ಕೇಳುವವರಿಗೆ ಈಗ ನಾನು ಈ ಪುಸ್ತಕದ ಹೆಸರು ಹೇಳುತ್ತೇನೆ.

ಇಷ್ಟು ದುಡಿದರೂ ಗಳಗನಾಥರ ಕೊನೆಗಾಲ ಬಡತನದಲ್ಲೇ ಕಳೆಯಿತು. 1942ರಲ್ಲಿ ತೀರಿಕೊಂಡರು. ಲಾಭ-ನಷ್ಟದ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರವೇ. ಆದರೆ ಕಣ್ಣಿಗೆ ಕಾಣದ ಗುಡ್‌ವಿಲ್ ಕೂಡ ಆಸ್ತಿಯೇ ಎಂದು ನಾವು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಕನ್ನಡಕ್ಕೆ ಅವರು ಗಳಿಸಿಕೊಟ್ಟ ಓದುಗರು ಅಂಥ ಆಸ್ತಿ. ಉರ್ದು ಮನೆಮಾತಿನ ನಾನೂ ಈಗ ಅವರಲ್ಲೊಬ್ಬ.